ಮಗಳಿಗೊಂದು ಪತ್ರ: ಹರಡಿದ ಶಾಯಿಯ ಬಗ್ಗೆ

ಪುಟ್ಟೀ,

ನೆಂಟರ ಎದುರು ನಿನ್ನ ಚಿತ್ರ ನೋಡಿ "ಶಾಯಿ ಹರಡಿ ಚಿತ್ರ ಹಾಳಾಯ್ತು" ಅಂದುಬಿಟ್ಟೆ. ಬೆಳಿಗ್ಗೆ ನೀನು ಮಾತಾಡದೆ ಬಸ್ ಹತ್ತಿದೆ. ಚಿತ್ರ ಮೇಜಿನ ಮೇಲೇ ಉಳಿದಿದೆ.

ನೀನು ಬಿಡಿಸಿದ್ದು ಸುಳ್ಯದ ಹತ್ತಿರದ ಅರಂಬೂರಿನ ತೂಗುಸೇತುವೆ. 1989ರಲ್ಲಿ ಎಂಜಿನಿಯರ್ ಗಿರೀಶ್ ಭಾರದ್ವಾಜರು ಪಯಸ್ವಿನಿ ಹೊಳೆಗೆ ಕಟ್ಟಿದ್ದು, ಅವರ ಮೊದಲ ತೂಗುಸೇತುವೆ. ಕೇಬಲ್ಲನ್ನು ಒಂದೇ ಉಸಿರಿಗೆ ಎಳೆದಿದ್ದೀಯ, ಎಲ್ಲೂ ಪೆನ್ನು ಎತ್ತಿಲ್ಲ. ಆವತ್ತೇ ಇದನ್ನು ಹೇಳಬೇಕಿತ್ತು.

ಶಾಯಿ ಹರಡಿದ್ದು ನಿನ್ನ ಕೈಯ ತಪ್ಪಲ್ಲ. ಫೌಂಟನ್ ಪೆನ್ನಿನ ಮಾಮೂಲಿ ಶಾಯಿ ನೀರಲ್ಲಿ ಕರಗುವ ಬಣ್ಣ. ಒಣಗಿದ ಮೇಲೂ ಒದ್ದೆ ಬ್ರಷ್ ತಾಗಿದರೆ ಏಳುತ್ತದೆ, ಬಿಸಿಲಿಗೆ ಮಾಸುತ್ತದೆ. ವಾಟರ್‌ಪ್ರೂಫ್ ಇಂಡಿಯನ್ ಇಂಕ್‌ನಲ್ಲಿ ಮಸಿಯ ಜೊತೆ ಅರಗು ಇರುತ್ತದೆ, ಅದು ಗಟ್ಟಿಯಾದ ಮೇಲೆ ನೀರಿಗೆ ಜಗ್ಗುವುದಿಲ್ಲ. ಹಾಗಂತ ಅದನ್ನು ಫೌಂಟನ್ ಪೆನ್ನಿಗೆ ತುಂಬಬೇಡ, ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಕಟ್ಟಿಕೊಂಡು ಪೆನ್ನೇ ಹೋಗುತ್ತದೆ. ಅದ್ದಿ ಬರೆಯುವ ನಿಬ್ಬು ತಗೋ, ಕೆಲಸ ಮುಗಿದ ಕೂಡಲೇ ತೊಳೆ. ಯಾವ ಶಾಯಿಯಾದರೂ ಮೊದಲು ಅದೇ ಕಾಗದದ ಚೂರಿನ ಮೇಲೆ ಗೆರೆ ಎಳೆದು, ಒಣಗಿಸಿ, ಒದ್ದೆ ಬ್ರಷ್ ಆಡಿಸಿ ನೋಡು.

ಗೆರೆ ಮೊದಲಾದರೆ, ಬಣ್ಣ ಹಚ್ಚುವ ಮುನ್ನ ಮಳೆಗಾಲದಲ್ಲಿ ಅರ್ಧ ದಿನ ಬಿಡು. ಬಣ್ಣ ಮೊದಲಾದರೆ ಮುಂಗೈಯ ಹಿಂಭಾಗವನ್ನು ಕಾಗದಕ್ಕೆ ಮೆಲ್ಲಗೆ ತಾಗಿಸು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. 300 ಜಿಎಸ್‌ಎಂನ ದಪ್ಪ ಹತ್ತಿ ಕಾಗದ ಮೇಲೆ ಒಣಗಿದಂತೆ ಕಂಡರೂ ಒಳಗೆ ಪಸೆ ಇಟ್ಟುಕೊಂಡಿರುತ್ತದೆ. ಆಗ ಎಳೆದ ಗೆರೆ ಬೇರು ಬಿಟ್ಟ ಹಾಗೆ ಕವಲೊಡೆಯುತ್ತದೆ.

ತಪ್ಪಾಯ್ತು ಅನ್ನಲು ಕೂತವನು ಮತ್ತೆ ಶಾಯಿಗೇ ಬಂದೆ.

ಫೈನಿಂಗರ್ ಎಂಬ ಚಿತ್ರಕಾರ 1910ರ ದಶಕದಲ್ಲಿ ಜರ್ಮನಿಯ ಓಬರ್‌ವೈಮಾರ್‌ನ ಕಲ್ಲುಸೇತುವೆಯನ್ನು ಮತ್ತೆ ಮತ್ತೆ ಬಿಡಿಸಿದ. ಅವನ ಜಲವರ್ಣಗಳಲ್ಲಿ ಶಾಯಿಯ ಗೆರೆ ಸ್ಕೇಲ್ ಇಟ್ಟಷ್ಟು ನೆಟ್ಟಗೆ, ಬಣ್ಣ ಮಾತ್ರ ಗೆರೆ ದಾಟಿ ಹರಿಯುತ್ತದೆ. ನಿನ್ನ ಚಿತ್ರದಲ್ಲಿ ದಡದ ಅಂಚಿಗೆ ಹರಡಿದ ಆ ನೀಲಿಗಪ್ಪು ಕಲೆಯನ್ನು ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. ಆಷಾಢದ ಹೊಳೆಗೆ ದಡ ಎಲ್ಲಿ ಗೊತ್ತಾಗುತ್ತದೆ? ಅದನ್ನು ಮುಟ್ಟಬೇಡ.

ತಪ್ಪಿರುವುದು ಕೇಬಲ್ಲಿನಿಂದ ದಾರಿಗೆ ಇಳಿಬಿಟ್ಟ ತೂಗುಸರಳುಗಳಲ್ಲಿ. ಕೇಬಲ್ ನಡುವೆ ತಗ್ಗುವುದರಿಂದ ಅಲ್ಲಿ ಸರಳು ಗಿಡ್ಡ, ಕಂಬದ ಹತ್ತಿರ ಉದ್ದ. ನೀನು ಎಲ್ಲವನ್ನೂ ಒಂದೇ ಉದ್ದ ಮಾಡಿದ್ದೀಯ, ಅದಕ್ಕೇ ನಡೆಯುವ ದಾರಿಯೂ ಕೇಬಲ್ಲಿನ ಜೊತೆ ಜೋತುಬಿದ್ದಿದೆ. ಬೇಕೆಂದೇ ಮಾಡಿದ್ದರೆ ಇನ್ನೂ ಜೋತುಬೀಳಿಸು. ಅರೆಬರೆ ಬಾಗಿದರೆ ನೋಡುವವರು ಕೈತಪ್ಪು ಅಂದುಕೊಳ್ಳುತ್ತಾರೆ, ನನ್ನಂಥವರು ಬಾಯಿಬಿಟ್ಟು ಹೇಳಿಯೂ ಬಿಡುತ್ತಾರೆ.

ಹಾಸ್ಟೆಲಿನ ಗೋಡೆಗೆ ಪಸೆ ಇದೆಯಾ? ಇದ್ದರೆ ಚಿತ್ರವನ್ನು ಅಲ್ಲಿ ತೂಗಬೇಡ, ಬೂಷ್ಟು ಬರುತ್ತದೆ. ಫ್ರೇಮ್ ಹಾಕಿಸಿದರೆ ಸುತ್ತ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ಅಂಚು ಇರಲಿ, ಗಾಜು ಬಣ್ಣಕ್ಕೆ ತಾಗಬಾರದು. ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ.

ನಾಳೆ ಕೊರಿಯರ್ ಮಾಡುತ್ತೇನೆ. ಸುರುಳಿ ಸುತ್ತಿಲ್ಲ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟಿದ್ದೇನೆ, ಮೇಲೆ ಪ್ಲಾಸ್ಟಿಕ್. ತಲುಪಿದ ಮೇಲೆ ಫೋನ್ ಮಾಡು. ನನಗೆ ಮಾಡಲು ಮನಸ್ಸಿಲ್ಲದಿದ್ದರೆ ಅಮ್ಮನಿಗಾದರೂ ಮಾಡು.

ಅಪ್ಪ