ನೆರೆಹೊರೆಯ ನಿರ್ಧಾರಗಳಲ್ಲಿ ನಮ್ಮ ಪಾಲು

ನಮ್ಮ ಸಮಾರಂಭಗಳಿಗೆ ಸ್ಥಳೀಯ ಗಣ್ಯರನ್ನು ಆಹ್ವಾನಿಸಿ, ಗೌರವಿಸಿ ಕಳುಹಿಸಿದರೆ ಊರಿನವರೊಂದಿಗೆ ಬೆರೆತಂತಾಯಿತು ಎಂಬ ನಂಬಿಕೆ ಬಹುತೇಕ ಎಲ್ಲ ವಲಸಿಗ ಸಂಘಗಳಲ್ಲಿಯೂ ಇದೆ. ಅದು ಸ್ನೇಹದ ಮೊದಲ ಹೆಜ್ಜೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಡಾವಣೆಯ ಖಾಲಿ ಜಾಗದಲ್ಲಿ ಏನನ್ನು ಕಟ್ಟಬೇಕು, ಸರ್ಕಾರದಿಂದ ಬಂದ ಅನುದಾನವನ್ನು ಯಾವ ಬೀದಿಗೆ ಖರ್ಚು ಮಾಡಬೇಕು, ಸಣ್ಣ ವ್ಯಾಪಾರಕ್ಕೆ ಯಾರಿಗೆ ಸಾಲ ಸಿಗಬೇಕು ಎಂಬುದು ತೀರ್ಮಾನವಾಗುವ ಸಭೆಯಲ್ಲಿ ವಲಸೆ ಬಂದವರು ಇಲ್ಲದಿದ್ದರೆ, ಅವರು ಆ ಊರಿನಲ್ಲಿ ಎಷ್ಟು ವರ್ಷ ಬಾಳಿದರೂ ಅತಿಥಿಗಳಾಗಿಯೇ ಉಳಿಯುತ್ತಾರೆ.

ಈ ಮಾತಿಗೆ ಅಮೆರಿಕದಲ್ಲಿ ನನಗೆ ಕಾಣುವ ಅತ್ಯುತ್ತಮ ನಿದರ್ಶನ ಬಾಸ್ಟನ್ನಿನ ರಾಕ್ಸ್‌ಬರಿ ಭಾಗದ ಡಡ್ಲಿ ರಸ್ತೆಯದು. 1980ರ ದಶಕದ ಹೊತ್ತಿಗೆ ಅಲ್ಲಿ ಬೆಂಕಿಗೆ ಆಹುತಿಯಾದ ಮನೆಗಳ ನಿವೇಶನಗಳು ಪಾಳುಬಿದ್ದಿದ್ದವು. ಹೊರಗಿನವರು ಅಲ್ಲಿಗೆ ಕಸ ತಂದು ಸುರಿಯುತ್ತಿದ್ದರು. 1984ರಲ್ಲಿ ‘ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್’ ಎಂಬ ಸಂಸ್ಥೆ ರೂಪುಗೊಳ್ಳತೊಡಗಿದಾಗ ಮೊದಲು ಸಿದ್ಧವಾದ ಆಡಳಿತ ಮಂಡಳಿಯ ಪಟ್ಟಿಯಲ್ಲಿ ಸಂಸ್ಥೆಗಳ ಪ್ರತಿನಿಧಿಗಳೇ ತುಂಬಿದ್ದು, ನಿವಾಸಿಗಳಿಗೆ ಕೆಲವೇ ಸ್ಥಾನಗಳಿದ್ದವು. ಬಹಿರಂಗ ಸಭೆಯಲ್ಲಿ ನಿವಾಸಿಗಳು ಇದನ್ನು ನೇರವಾಗಿ ಪ್ರಶ್ನಿಸಿದರು. ಮಂಡಳಿಯಲ್ಲಿ ಅವರಿಗೇ ಬಹುಮತ ದೊರೆಯಿತು. ಅಷ್ಟೇ ಅಲ್ಲ, ಕಪ್ಪುವರ್ಣೀಯರು, ಕೇಪ್ ವರ್ಡಿ ದ್ವೀಪಗಳಿಂದ ಬಂದವರು, ಲ್ಯಾಟಿನೋಗಳು ಮತ್ತು ಬಿಳಿಯರು, ಈ ನಾಲ್ಕೂ ಸಮುದಾಯಗಳಿಗೆ ಜನಸಂಖ್ಯೆ ಎಷ್ಟೇ ಇರಲಿ, ಸಮಾನ ಸ್ಥಾನಗಳನ್ನು ಮೀಸಲಿಟ್ಟರು. ವಲಸಿಗರನ್ನು ಒಳಗೊಳ್ಳುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ನನಗೆ ಗೊತ್ತಿಲ್ಲ. 1988ರಲ್ಲಿ ಪಾಳುಬಿದ್ದ ಖಾಸಗಿ ನಿವೇಶನಗಳನ್ನು ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ನಗರಾಡಳಿತ ಈ ಸಂಘಟನೆಗೆ ನೀಡಿತು. ಹಾಗೆ ದೊರೆತ ನೆಲ ಸಮುದಾಯದ ಟ್ರಸ್ಟಿನ ಒಡೆತನದಲ್ಲಿದೆ. ಅದರ ಮೇಲಿನ ಮನೆ ಮಾತ್ರ ಕುಟುಂಬದ್ದು, ಮತ್ತು ಮಾರುವಾಗ ಬೆಲೆಗೆ ಮಿತಿಯುಂಟು. ಬಡಾವಣೆ ಸುಧಾರಿಸಿದ ಕೂಡಲೇ ಬಾಡಿಗೆ ಏರಿ, ಅದನ್ನು ಸುಧಾರಿಸಿದವರೇ ಹೊರಬೀಳುವ ಅನ್ಯಾಯಕ್ಕೆ ಈ ಏರ್ಪಾಡು ಒಂದು ತಡೆ.

ನೆಲದಷ್ಟೇ ಮುಖ್ಯವಾದುದು ಸಾಲ. ಬಡವರ ಮತ್ತು ಕಪ್ಪುವರ್ಣೀಯರ ಬಡಾವಣೆಗಳಿಂದ ಠೇವಣಿ ಸಂಗ್ರಹಿಸಿ ಅಲ್ಲಿನವರಿಗೇ ಸಾಲ ನಿರಾಕರಿಸುತ್ತಿದ್ದ ಬ್ಯಾಂಕುಗಳ ರೂಢಿಯನ್ನು ತಡೆಯಲು 1977ರಲ್ಲಿ ಸಮುದಾಯ ಮರುಹೂಡಿಕೆ ಕಾಯಿದೆ ಬಂದಿತು. ಹೊಸದಾಗಿ ಬಂದವರ ತೊಡಕು ಸ್ವಲ್ಪ ಬೇರೆ: ದುಡಿಮೆಯಿದ್ದರೂ, ಬಾಕಿ ಉಳಿಸಿಕೊಳ್ಳದಿದ್ದರೂ, ಹಿಂದೆ ಸಾಲ ಪಡೆದು ತೀರಿಸಿದ ದಾಖಲೆ (ಕ್ರೆಡಿಟ್ ಹಿಸ್ಟರಿ) ಇಲ್ಲದಿರುವುದರಿಂದ ಅವರು ಬ್ಯಾಂಕಿನ ಕಣ್ಣಿಗೆ ಬೀಳುವುದೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ಈ ತೊಡಕಿಗೆ ಕಂಡುಕೊಂಡ ಪರಿಹಾರ ನಮಗೆ ಚಿರಪರಿಚಿತವಾದದ್ದೇ, ಅದು ಚೀಟಿ. ಕೆಲವರು ಸೇರಿ ತಿಂಗಳಿಗಿಷ್ಟು ಹಾಕಿ, ಸರದಿಯಂತೆ ಒಬ್ಬೊಬ್ಬರು ಪೂರ್ತಿ ಮೊತ್ತವನ್ನು ಬಡ್ಡಿಯಿಲ್ಲದೆ ಪಡೆಯುತ್ತಾರೆ. ಸಂಸ್ಥೆಯು ಪ್ರತಿ ಕಂತಿನ ಪಾವತಿಯನ್ನು ಇಂತಹ ದಾಖಲೆಗಳನ್ನು ಇಡುವ ಕ್ರೆಡಿಟ್ ಬ್ಯೂರೋಗಳಿಗೆ ವರದಿ ಮಾಡುತ್ತದೆ. ಪರಸ್ಪರ ವಿಶ್ವಾಸವೇ ಲಿಖಿತ ದಾಖಲೆಯಾಗುವ ಈ ಪದ್ಧತಿಗೆ ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಕಾನೂನಿನ ಮಾನ್ಯತೆ ನೀಡಿತು.

ನಮ್ಮಲ್ಲಿ ಅನೇಕರು ಪದವಿ, ಉದ್ಯೋಗಗಳೊಂದಿಗೇ ಬಂದವರಾದ್ದರಿಂದ ಇವೆಲ್ಲ ಬೇರೆಯವರ ಕಷ್ಟ ಎನಿಸಬಹುದು. ನಾನು ಹಾಗೆ ಭಾವಿಸುವುದಿಲ್ಲ. ನಾವು ಉಳಿತಾಯದ ಒಂದು ಭಾಗವನ್ನು ಸ್ಥಳೀಯರಿಗೇ ಸಾಲ ಕೊಡುವ ಸಮುದಾಯ ಕ್ರೆಡಿಟ್ ಯೂನಿಯನ್ನಿನಲ್ಲಿ, ಎಂದರೆ ಸದಸ್ಯರೇ ಒಡೆಯರಾಗಿರುವ ಸಹಕಾರಿ ಹಣಕಾಸು ಸಂಸ್ಥೆಯಲ್ಲಿ ಇಟ್ಟರೆ, ಸಂಯುಕ್ತ (ಫೆಡರಲ್) ಸರ್ಕಾರದ ವಿಮೆಯುಳ್ಳ ಯೂನಿಯನ್ನುಗಳಲ್ಲಿ 2,50,000 ಡಾಲರ್‌ವರೆಗೆ ನಮ್ಮ ಠೇವಣಿಗೆ ರಕ್ಷಣೆಯಿರುತ್ತದೆ. ಅದೇ ಹಣ ಪಕ್ಕದ ಬೀದಿಯಲ್ಲಿ ಮತ್ತೊಂದು ದೇಶದಿಂದ ಬಂದವರೊಬ್ಬರ ಅಂಗಡಿಗೆ ಬಂಡವಾಳವಾಗಬಹುದು. ನಮ್ಮಲ್ಲಿರುವ ಲೆಕ್ಕಪರಿಶೋಧಕರು, ವಕೀಲರು, ತಂತ್ರಜ್ಞರು ತಿಂಗಳಿಗೊಂದು ಸಂಜೆಯನ್ನು ನೆರೆಹೊರೆಯ ಸಂಸ್ಥೆಯೊಂದಕ್ಕೆ ಕೊಟ್ಟರೆ ಅದು ದೇಣಿಗೆಗಿಂತ ಹೆಚ್ಚು ಬೆಲೆಯುಳ್ಳದ್ದು. ಅಂತಹ ಸಭೆಗಳಲ್ಲಿ ಹೆಚ್ಚು ಕಾಲ ಕೇಳುತ್ತ ಕೂರುವ ತಾಳ್ಮೆ ಬೇಕು. ಬಹುಕಾಲದಿಂದ ಅಲ್ಲಿ ಹೋರಾಡಿದವರಿಗೆ ನಾವು ಪಾಠ ಹೇಳುವ ಅಗತ್ಯವಿಲ್ಲ.

ಮತದಾನದ ಹಕ್ಕಿಲ್ಲದವರು ಏನು ಮಾಡಬೇಕು ಎಂದು ಕೇಳುವ ಓದುಗರಿದ್ದಾರೆ. ಸಾರ್ವಜನಿಕ ಸಭೆಗಳಲ್ಲಿ ಅವರಿಗೂ ಒಂದು ದಾರಿಯಿದೆ. 1974ರಿಂದ ಜಾರಿಯಲ್ಲಿರುವ ಸಮುದಾಯ ಅಭಿವೃದ್ಧಿ ಅನುದಾನವನ್ನು ಸಂಯುಕ್ತ ಸರ್ಕಾರದಿಂದ ನೇರವಾಗಿ ಪಡೆಯುವ ನಗರಗಳು ವರ್ಷಕ್ಕೆ ಕನಿಷ್ಠ ಎರಡು ಸಾರ್ವಜನಿಕ ಅಹವಾಲು ಸಭೆಗಳನ್ನು ನಡೆಸಲೇಬೇಕು, ಇಂಗ್ಲಿಷ್ ಬಾರದ ನಿವಾಸಿಗಳನ್ನೂ ಅದರಲ್ಲಿ ಪಾಲ್ಗೊಳ್ಳಲು ಪ್ರೋತ್ಸಾಹಿಸಬೇಕು. ಮುಂದಿನ ಸಂಚಿಕೆಯಿಂದ ಸಂಘದ ಕಾರ್ಯಕ್ರಮಗಳ ಪಟ್ಟಿಯ ಜೊತೆಯಲ್ಲಿಯೇ ನಮ್ಮ ಸುತ್ತಲಿನ ನಗರಗಳ ಇಂತಹ ಸಭೆಗಳ ದಿನ, ವೇಳೆ ಮತ್ತು ಸ್ಥಳವನ್ನು ಪ್ರಕಟಿಸಲಿದ್ದೇವೆ. ನಿಮ್ಮ ನಗರದ ವಿವರ ನಿಮಗೆ ತಿಳಿದಿದ್ದರೆ ದಯವಿಟ್ಟು ನಮಗೆ ಬರೆದು ಕಳುಹಿಸಿ.