ಕುದುರೆಮುಖದ ಪಾಳುಮನೆಗಳಿಗೊಂದು ತೀರ್ಮಾನ ಬೇಕು

ಮಾನ್ಯ ಸಂಪಾದಕರೇ,

ಈಚೆಗೆ ಕಾರ್ಕಳದಿಂದ ಘಾಟಿ ಹತ್ತಿ ಕಳಸದ ಕಡೆಗೆ ಹೊರಟವನು ಕುದುರೆಮುಖ ಪಟ್ಟಣದಲ್ಲಿ ಇಳಿದು ಸ್ವಲ್ಪ ಹೊತ್ತು ಅಡ್ಡಾಡಿದೆ. ಸುತ್ತ ಶೋಲಾ ಕಾಡು, ಹುಲ್ಲುಗಾವಲಿನ ಗುಡ್ಡಗಳು. ನಡುವೆ ಸಾಲುಸಾಲು ಕ್ವಾರ್ಟರ್ಸುಗಳು. ಎಷ್ಟೋ ಮನೆಗಳಿಗೆ ಬಾಗಿಲು, ಕಿಟಕಿಗಳೇ ಉಳಿದಿಲ್ಲ. ಒಂದು ಮನೆಯ ಅಡುಗೆ ಕಟ್ಟೆಯ ಮೇಲೆ ಜರಿಗಿಡ ಬೆಳೆದಿತ್ತು. ಅದರ ಪಕ್ಕದ ಮನೆಯಂಗಳದಲ್ಲಿ ಬಟ್ಟೆ ಒಣಹಾಕಿದ್ದರು. ಇದನ್ನು ಭೂತಗಳ ಊರೆಂದು ಫೋಟೊ ಹಂಚಿಕೊಳ್ಳುವವರಿಗೆ ಆ ಬಟ್ಟೆ ಕಾಣುವುದಿಲ್ಲ.

1976ರಲ್ಲಿ ಆರಂಭವಾದ ಸಾರ್ವಜನಿಕ ವಲಯದ ಕಬ್ಬಿಣದ ಅದಿರು ಕಂಪನಿಗಾಗಿ ಕಟ್ಟಿದ ಊರಿದು. ಇರಾನಿನ ಹಣವನ್ನು ನೆಚ್ಚಿಕೊಂಡು ಹೊರಟ ಯೋಜನೆ, ಅಲ್ಲಿನ ಕ್ರಾಂತಿಯ ಬಳಿಕ ಆ ಆಸರೆ ತಪ್ಪಿದರೂ, ಅದಿರಿನ ಪುಡಿಯನ್ನು ನೀರಿನೊಡನೆ ಬೆರೆಸಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತ ಕಾಲು ಶತಮಾನ ನಡೆಯಿತು. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ನೆಲದಲ್ಲಿ, ಅದೂ 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಸಾರಿದ ಕಾಡಿನೊಳಗೆ, ಬೆಟ್ಟ ಬಗೆಯುವುದನ್ನು ನಿಲ್ಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ದುಡಿದು ಬದುಕಿದ್ದವರಿಗೆ ಅದು ಕಹಿಯಾಗಿತ್ತು ಎಂಬುದೂ ಅಷ್ಟೇ ನಿಜ.

ಅಂದಿನಿಂದ ಊರು ಅತ್ತ ಕಾಡಿಗೂ ಇಲ್ಲ, ಇತ್ತ ನಾಡಿಗೂ ಇಲ್ಲ ಎಂಬಂತಾಗಿದೆ. ಇಲ್ಲಿ ಪ್ರವಾಸೋದ್ಯಮ ಬೆಳೆಸುವ ಮಾತು ಆಗಾಗ ಏಳುತ್ತದೆ. ಸಿಂಗಳೀಕಗಳ ನೆಲೆಯ ನಡುವೆ ರೆಸಾರ್ಟಿನ ಧ್ವನಿವರ್ಧಕ ಕೂಗುವುದಾದರೆ ಗಣಿ ಮುಚ್ಚಿಸಿದ್ದಕ್ಕೆ ಅರ್ಥವಿಲ್ಲ. ಈಗಲೂ ವಾಸವಿರುವವರಿಗೆ ನ್ಯಾಯವಾದ ಪುನರ್ವಸತಿ ಒದಗಿಸಿ, ಕುಸಿಯುತ್ತಿರುವ ಮನೆಗಳನ್ನು ತೆರವುಗೊಳಿಸಿ ಜಾಗವನ್ನು ಕಾಡಿಗೆ ಬಿಡುವುದೇ ಲೇಸು. ಗಟ್ಟಿಯಾಗಿರುವ ಒಂದೆರಡು ಕಟ್ಟಡಗಳನ್ನು ಮಾತ್ರ ಉಳಿಸಿಕೊಂಡು, ಗಣಿಯ ಚರಿತ್ರೆಯನ್ನು ಬಂದವರಿಗೆ ತಿಳಿಸುವ ಸಂಗ್ರಹಾಲಯ ಮಾಡಬಹುದು.

ಈ ಕಟ್ಟಡಗಳ ಮೇಲೆ ಕಣ್ಣಿಟ್ಟವರು ಗಣಿಗಾಗಿ ಇಲ್ಲೇ ಕಟ್ಟಿದ ಲಕ್ಯಾ ಅಣೆಕಟ್ಟಿನ ಮಾತನ್ನು ಎತ್ತುವುದು ಕಡಿಮೆ. ಸುಮಾರು 100 ಮೀಟರ್ ಎತ್ತರದ ಆ ಕಟ್ಟೆಯ ಹಿಂದೆ ಇರುವುದು ಬರಿಯ ನೀರಲ್ಲ, ಅದಿರು ತೆಗೆದು ಬಿಟ್ಟ ರಾಶಿ ರಾಶಿ ಕೆಸರು. ಕೆಳಗೆ ಭದ್ರೆಯ ದಡದಲ್ಲಿ ಕಳಸ, ಬಾಳೆಹೊನ್ನೂರುಗಳಿವೆ. ಊರಿನ ಬಗ್ಗೆ ಯಾವುದೇ ಯೋಜನೆ ರೂಪಿಸುವ ಮೊದಲು, ಆ ಕಟ್ಟೆಯ ಹೊಣೆ ಮುಂದೆಯೂ ಯಾರದೆಂದು ಸರ್ಕಾರ ಸ್ಪಷ್ಟಪಡಿಸಲಿ. ಅದರ ಸುರಕ್ಷತೆಯ ವರದಿಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕನ್ನಡದಲ್ಲಿ ಪ್ರಕಟಿಸಲಿ.

– ಒಬ್ಬ ಓದುಗ, ಕಾರ್ಕಳ