ಟರ್ಬೊ ಕೂರಿಸುವ ಮೊದಲು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಓದಿದೆ. ಕಾಲೇಜಿನ ರೇಸ್ ಕಾರಿಗೆ ಈ ಸಲ ಹೊಸ ಚಾಸಿಸ್, ಹೊಸ ಸಸ್ಪೆನ್ಷನ್, ಎಂಜಿನ್‌ಗೆ ಟರ್ಬೊ, ಸಾಲದ್ದಕ್ಕೆ ನೀವೇ ತಯಾರಿಸುವ ಗೇರ್‌ಬಾಕ್ಸ್! ಇದರ ಜೊತೆಗೆ ಪ್ರಾಯೋಜಕರನ್ನು ಕರೆದು ಕಾರು ತೋರಿಸುವ ದಿನವನ್ನೂ ಗೊತ್ತುಮಾಡಿದ್ದೀರಿ. ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವ ಮನಸ್ಸು ನನಗಿಲ್ಲ. ಆದರೆ ಬಾಳೆಲ್ಲ ಲೇತ್ ಮುಂದೆ ನಿಂತವನು, ಸುಮ್ಮನಿರಲಾರೆ. ಬಿಆರ್‌ಎಂ (ಬ್ರಿಟಿಷ್ ರೇಸಿಂಗ್ ಮೋಟರ್ಸ್) ತಂಡದ ವಿ16 ಕಾರಿಗೆ ಏನಾಯಿತೆಂದು ತಿಳಿದ ಮೇಲೆ ನೀನೇ ತೀರ್ಮಾನಿಸು. ಅದರ ಸದ್ದನ್ನು ಯೂಟ್ಯೂಬ್‌ನಲ್ಲಿ ಕೇಳಿರುತ್ತೀಯ. ಆ ಸದ್ದಿಗೆ ಮರುಳಾದವರಲ್ಲಿ ನಾನೂ ಒಬ್ಬ.

ಎರಡನೇ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನ ರೇಮಂಡ್ ಮೇಸ್, ಪೀಟರ್ ಬರ್ಥನ್ ಇಬ್ಬರೂ ದೇಶದ ಮಾನ ಕಾಯುವ ಗ್ರ್ಯಾನ್ ಪ್ರಿ ಕಾರು ಕಟ್ಟಲು ಹೊರಟರು; ಅದೇ ಬಿಆರ್‌ಎಂ. ಮೇಸ್ ಮಾತಿನ ಮಲ್ಲ. ಹತ್ತಾರು ಕಂಪನಿಗಳಿಂದ ಹಣ, ಬಿಡಿಭಾಗ, ಕೆಲಸಗಾರರ ಸಮಯ ಎಲ್ಲವನ್ನೂ ಕೇಳಿ ಪಡೆದ. ಲಿಂಕನ್‌ಶೈರ್‌ನ ಬೋರ್ನ್ ಎಂಬ ಸಣ್ಣ ಊರಿನಲ್ಲಿ ಕೆಲಸ ಶುರುವಾಯಿತು. ಸೂಪರ್‌ಚಾರ್ಜರ್ (ಟರ್ಬೊ ಹಾಗೆಯೇ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಇದ್ದರೆ ಎಂಜಿನ್ ಒಂದೂವರೆ ಲೀಟರ್ ದಾಟಬಾರದು ಎಂಬುದು ಆಗಿನ ನಿಯಮ. ಇವರು ಆ ಒಂದೂವರೆ ಲೀಟರನ್ನು ಹದಿನಾರು ಸಿಲಿಂಡರ್‌ಗಳಿಗೆ ಹಂಚಿದರು. ಒಂದೊಂದು ಸಿಲಿಂಡರ್ ಸುಮಾರು 93 ಸಿಸಿ, ನಿನ್ನ ಅಪ್ಪನ ಹಳೆಯ ಹೀರೋ ಹೋಂಡಾಕ್ಕಿಂತಲೂ ಚಿಕ್ಕದು! ಅದರ ಮೇಲೆ ರೋಲ್ಸ್ ರಾಯ್ಸ್‌ನ ಎರಡು ಹಂತದ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್. ಸ್ಪ್ರಿಂಗ್ ಬದಲು ಗಾಳಿ ಮತ್ತು ಎಣ್ಣೆಯ ಸ್ಟ್ರಟ್. ಹಳೆಯದೆನ್ನುವುದು ಕಾರಿನಲ್ಲಿ ಹೆಚ್ಚೇನೂ ಇರಲಿಲ್ಲ. ಭಾಗಗಳನ್ನು ಕೊಡುತ್ತೇವೆಂದ ಕಂಪನಿಗಳು ತಮ್ಮ ಗಿರಾಕಿಗಳ ಕೆಲಸ ಮುಗಿಸಿದ ಮೇಲೆ ಇವರದನ್ನು ಕೈಗೆತ್ತಿಕೊಳ್ಳುತ್ತಿದ್ದವು. ಬಿಟ್ಟಿಗೆ ಕೇಳಿದವರು ಸರದಿಯ ಕೊನೆಯಲ್ಲಿ ನಿಲ್ಲಲೇಬೇಕು.

1949ರ ಡಿಸೆಂಬರ್‌ನಲ್ಲಿ ಫೋಕಿಂಗ್‌ಹ್ಯಾಮ್ ವಿಮಾನನೆಲೆಯಲ್ಲಿ ಪತ್ರಿಕೆಯವರಿಗೆ ಕಾರು ತೋರಿಸಿ ಭೇಷ್ ಎನ್ನಿಸಿಕೊಂಡರು. 1950ರ ಆಗಸ್ಟ್‌ನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಮೊದಲ ಸ್ಪರ್ಧೆ. ಚಾಲಕ ಫ್ರಾನ್ಸ್‌ನ ರೇಮಂಡ್ ಸೊಮ್ಮೇರ್. ಬಾವುಟ ಬೀಸಿತು, ಉಳಿದ ಕಾರುಗಳೆಲ್ಲ ಹೊರಟವು. ಸೊಮ್ಮೇರ್ ಕ್ಲಚ್ ಬಿಟ್ಟ; ಕಾರು ಒಮ್ಮೆ ಮುಂದಕ್ಕೆ ಜಗ್ಗಿತು, ಅಷ್ಟೇ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಟ್ರಾನ್ಸ್‌ಮಿಷನ್ ಮುರಿದಿತ್ತು. ಐದು ವರ್ಷಗಳಿಂದ ಕಾದಿದ್ದ ಜನ ಅದರತ್ತ ಚಿಲ್ಲರೆ ಕಾಸು ಎಸೆದರು. ಮರು ತಿಂಗಳು ಗುಡ್‌ವುಡ್‌ನಲ್ಲಿ ರೆಗ್ ಪಾರ್ನೆಲ್ ಮಳೆಯಲ್ಲೇ ಎರಡು ಸಣ್ಣ ರೇಸ್ ಗೆದ್ದುಕೊಟ್ಟ. ಆದರೆ ಸಿಲ್ವರ್‌ಸ್ಟೋನ್‌ನ ನಗೆಪಾಟಲು ಅಳಿಯಲಿಲ್ಲ.

ನಿನಗೆ ಟರ್ಬೊ ಹುಚ್ಚು ಇರುವುದರಿಂದ ಇದನ್ನು ನಿಧಾನವಾಗಿ ಓದು. ಬಿಆರ್‌ಎಂನಲ್ಲಿದ್ದ ಸೆಂಟ್ರಿಫ್ಯೂಗಲ್ ಬಗೆಯ ಸೂಪರ್‌ಚಾರ್ಜರ್‌ನ ಒತ್ತಡ ಅದು ತಿರುಗುವ ವೇಗದ ವರ್ಗದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ವಿಮಾನದ ಎಂಜಿನ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತದೆ, ಅಲ್ಲಿ ಇದು ಚೆನ್ನ. ರೇಸ್ ಕಾರು ಹಾಗಲ್ಲ. ತಿರುವಿನಿಂದ ಹೊರಬರುವಾಗ ಚಾಲಕ ಕಾಲು ಒತ್ತುತ್ತಾನೆ, ಮೊದಲು ಏನೂ ಬರುವುದಿಲ್ಲ. ಇನ್ನಷ್ಟು ಒತ್ತುತ್ತಾನೆ, ಒಮ್ಮೆಗೇ ಎಲ್ಲವೂ ಬರುತ್ತದೆ. ಹಿಂದಿನ ಚಕ್ರ ಜಾರುತ್ತದೆ. ಜಾರಿದೊಡನೆ ಎಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ, ಒತ್ತಡ ಇನ್ನೂ ಏರುತ್ತದೆ, ಚಕ್ರ ಮತ್ತಷ್ಟು ಜಾರುತ್ತದೆ. ಹನ್ನೆರಡು ಸಾವಿರ ಆರ್‌ಪಿಎಂ ಹತ್ತಿರ 500 ಅಶ್ವಶಕ್ತಿಗೂ ಹೆಚ್ಚು ಕೊಡುತ್ತಿದ್ದ ಎಂಜಿನ್ ಅದು, ಅದನ್ನು ಹಿಡಿಯಬೇಕಾದದ್ದು ಆ ಕಾಲದ ಸಪೂರ ಟೈರುಗಳು. ಶಕ್ತಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದು ಯಾವಾಗ ಬರುತ್ತದೆ ಎಂದು ನೀನು ಕೇಳು.

1951ರ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಎರಡು ಕಾರುಗಳು ತಡವಾಗಿ ಬಂದು, ಅಭ್ಯಾಸವಿಲ್ಲದೆ ಹಿಂದಿನ ಸಾಲಿನಿಂದ ಹೊರಟವು. ಎಕ್ಸಾಸ್ಟ್‌ನ ಕಾವಿಗೆ ಚಾಲಕರ ಮೈ ಸುಟ್ಟಿತು. ಹಾಗಿದ್ದೂ ಪಾರ್ನೆಲ್ ಐದನೆಯವನಾಗಿ, ಪೀಟರ್ ವಾಕರ್ ಏಳನೆಯವನಾಗಿ ಮುಗಿಸಿದರು. ಇಂಥ ಚಾಲಕರಿಗೆ ಕೈಮುಗಿಯಬೇಕು, ಕಾರು ಕಟ್ಟಿದವರಿಗೆ ನಾನು ಮುಗಿಯಲಾರೆ. ಕೂರುವವನ ಕಾಲು ಎಲ್ಲಿರುತ್ತದೆ ಎನ್ನುವುದೂ ವಿನ್ಯಾಸದ ಕೆಲಸವೇ. 1952ರ ಏಪ್ರಿಲ್‌ನಲ್ಲಿ ಟ್ಯೂರಿನ್ ರೇಸಿಗೆ ತಂಡ ಕಾರುಗಳನ್ನು ಕಳಿಸಲಿಲ್ಲ. ಇವರನ್ನು ನಂಬಿ ಫಲವಿಲ್ಲವೆಂದು ಆಯೋಜಕರು ವಿಶ್ವ ಚಾಂಪಿಯನ್‌ಷಿಪ್ಪನ್ನೇ ಕಡಿಮೆ ಶಕ್ತಿಯ ಫಾರ್ಮುಲಾ ಟೂ ಕಾರುಗಳಿಗೆ ತಿರುಗಿಸಿಬಿಟ್ಟರು. ವಿ16ಗೆ ಚಾಂಪಿಯನ್‌ಷಿಪ್ಪಿನ ಬಾಗಿಲೇ ಮುಚ್ಚಿತು.

ಅದೇ ಕಾಲದ ಆಲ್ಫಾ ರೋಮಿಯೋ 158 ನೋಡು. ಜೋಕಿನೊ ಕೊಲಂಬೊ ವಿನ್ಯಾಸ ಮಾಡಿದ ಎಂಟು ಸಿಲಿಂಡರ್‌ಗಳ ಕಾರು, 1938ರಲ್ಲಿ ಮೊದಲು ಓಡಿದಾಗ ಸುಮಾರು 195 ಅಶ್ವಶಕ್ತಿ. ಯುದ್ಧ ಕಳೆದ ಮೇಲೂ ಅದನ್ನೇ ತಿದ್ದಿದರು, ತೀಡಿದರು; 1951ರ ಹೊತ್ತಿಗೆ ಅದು 159 ಆಗಿ 425 ಮುಟ್ಟಿತ್ತು. ಮೊದಲ ಎರಡೂ ವಿಶ್ವ ಚಾಂಪಿಯನ್ ಪಟ್ಟ, ಫರೀನಾ ಮತ್ತು ಫಾಂಜಿಯೊ, ಆ ಕಾರಿನಿಂದಲೇ.

ಬೇರಿಂಗ್ ತಯಾರಕ ಟೋನಿ ವ್ಯಾಂಡರ್ವೆಲ್ ನನಗೆ ಇನ್ನೂ ಇಷ್ಟ. ಬಿಆರ್‌ಎಂನ ಬೆಂಬಲಿಗನಾಗಿದ್ದವನು ಬೇಸತ್ತು ಹೊರಬಂದ. ತಾನೇ ಕೊಂಡ ಫೆರಾರಿಯನ್ನು ಬಿಚ್ಚಿ, ಮಾರ್ಪಡಿಸಿ, ಓಡಿಸಿ ಕಲಿತ. ಆಮೇಲೆ ಸ್ವಂತ ವ್ಯಾನ್‌ವಾಲ್ ಕಟ್ಟಿದ. 1957ರಲ್ಲಿ ಇಂಗ್ಲೆಂಡಿನ ಏನ್‌ಟ್ರಿಯಲ್ಲಿ ಚಾಲಕರಾದ ಬ್ರೂಕ್ಸ್, ಮಾಸ್ ಇಬ್ಬರೂ ಅದನ್ನು ಹಂಚಿಕೊಂಡು ಓಡಿಸಿ ಗೆದ್ದರು; ವಿಶ್ವ ಚಾಂಪಿಯನ್‌ಷಿಪ್ ಗ್ರ್ಯಾನ್ ಪ್ರಿ ಗೆದ್ದ ಮೊದಲ ಬ್ರಿಟಿಷ್ ಕಾರು ಅದೇ. ಮರುವರ್ಷ ತಯಾರಕರ ಪಟ್ಟವೂ ಬಂತು. ಬಿಆರ್‌ಎಂ ತನ್ನ ಮೊದಲ ಚಾಂಪಿಯನ್‌ಷಿಪ್ ರೇಸ್ ಗೆದ್ದದ್ದು 1959ರಲ್ಲಿ, ಝಾಂಡ್‌ವೋರ್ಟ್‌ನಲ್ಲಿ, ನಾಲ್ಕೇ ಸಿಲಿಂಡರ್‌ಗಳ ಸರಳ ಕಾರಿನಿಂದ. ಆಗ ಕಂಪನಿ ಉದ್ಯಮಿ ಆಲ್ಫ್ರೆಡ್ ಓವೆನ್ ಕೈಯಲ್ಲಿತ್ತು.

ಹಾಗಾಗಿ ಹೋದ ವರ್ಷದ ಚಾಸಿಸ್ ಬಿಸಾಡಬೇಡ. ಈ ವರ್ಷ ಸಸ್ಪೆನ್ಷನ್ ಒಂದನ್ನೇ ಬದಲಿಸಿ, ಕಾರನ್ನು ಬೇಗ ನೆಲಕ್ಕಿಳಿಸಿ, ಸ್ಪರ್ಧೆಗೆ ಮುಂಚೆ ಸಾಕೆನ್ನುವಷ್ಟು ಓಡಿಸಿ. ಟರ್ಬೊ ಬೇಕೇ ಬೇಕೆಂದರೆ ಬೇರೊಂದು ಎಂಜಿನ್ ಅನ್ನು ಸ್ಟ್ಯಾಂಡ್ ಮೇಲಿಟ್ಟು ಅದರ ಮೇಲೆ ಆಡಿಕೊಳ್ಳಿ. ಪ್ರಾಯೋಜಕರಿಗೆ ಕೊಟ್ಟ ದಿನಾಂಕವನ್ನು ಇಂದೇ ಹಿಂದಕ್ಕೆ ಪಡೆ; ಬೈಸಿಕೊಂಡರೂ ಪರವಾಗಿಲ್ಲ.

ಹಬ್ಬಕ್ಕೆ ಬರುವಾಗ ಹಿಂದಿನ ಶಾಫ್ಟ್‌ಗಳ ಡ್ರಾಯಿಂಗ್ ತಾ. ಯಾವ ಉಕ್ಕು, ಹದ ಮಾಡಿಸಿದ್ದು ಎಲ್ಲಿ, ಎಷ್ಟು ಗಡಸು ಬಂದಿದೆ, ಎಲ್ಲವನ್ನೂ ಅದರ ಮೇಲೇ ಬರೆದಿರು. ಸ್ಪ್ಲೈನ್ (ಶಾಫ್ಟ್ ಮೇಲೆ ಕೊರೆದ ಹಲ್ಲು) ಮುಗಿಯುವ ಮೂಲೆಯ ದುಂಡು ಎಷ್ಟೆಂದು ಮೊದಲು ನೋಡುವವನು ನಾನು.

ಇಂತಿ ನಿನ್ನ
ಸೋದರಮಾವ